ರ‍್ಯಾಂಡಿ ಬ್ಯಾಸ್: ಐವತ್ತೈದನೆಯ ಹೋಮ್ ರನ್ ಯಾಕೆ ಬರಲಿಲ್ಲ?

ಅಮೆರಿಕದ ಬೇಸ್‌ಬಾಲ್‌ನ ಮೇಜರ್ ಲೀಗ್‌ನಲ್ಲಿ ರ‍್ಯಾಂಡಿ ಬ್ಯಾಸ್ 1977ರಿಂದ 1982ರವರೆಗೆ ಐದು ತಂಡಗಳನ್ನು ಸುತ್ತಿದರೂ ಆಡಿದ್ದು 130 ಪಂದ್ಯ, ಹೊಡೆದದ್ದು ಒಂಬತ್ತು ಹೋಮ್ ರನ್. ನಮ್ಮ ಸಿಕ್ಸರ್‌ನಂತೆ ಚೆಂಡು ಬೇಲಿಯಾಚೆ ಬಿದ್ದರೆ ಹೋಮ್ ರನ್. ಆಗ ಜಪಾನಿನಲ್ಲಿ ಒಂದು ತಂಡದ ಒಂದೇ ಸೀಸನ್‌ಗೆ 130 ಪಂದ್ಯಗಳಿದ್ದವು. ಒಕ್ಲಹೋಮದ ಈ ಎಡಗೈ ಬ್ಯಾಟರ್ 1983ರಲ್ಲಿ ಸಮುದ್ರ ದಾಟಿ ಹನ್ಶಿನ್ ಟೈಗರ್ಸ್ ಸೇರಿದ್ದೇಕೆಂದು ಬೇರೆ ವಿವರಿಸಬೇಕಿಲ್ಲ.

ಅಲ್ಲಿ ಮೊದಲು ತೊಡಕಾದದ್ದು ಹೆಸರು. ಜಪಾನಿ ಲಿಪಿಯಲ್ಲಿ ಅದು 'ಬಸು' ಆಗುತ್ತದೆ, ಎಂದರೆ ಬಸ್. ತಂಡದ ಒಡೆಯರಾದ ರೈಲು ಕಂಪನಿಗೆ ಬಸ್ಸುಗಳೂ ಇದ್ದವು. ಇವನು ಆಡದ ದಿನ 'ಹನ್ಶಿನ್ ಬಸ್ ಕೆಟ್ಟು ನಿಂತಿತು' ಎಂದು ಪತ್ರಿಕೆಗಳು ಬರೆದಾವೆಂಬ ಅಂಜಿಕೆಯಿಂದ ದೀರ್ಘ ಕೊಟ್ಟು 'ಬಾಸು' ಮಾಡಿದರಂತೆ. ದೀರ್ಘದ ಮಹಿಮೆ ಕನ್ನಡಿಗರಿಗೆ ಹೊಸದಲ್ಲ.

ಎರಡನೆಯ ತೊಡಕು ಗಾಳಿ. ತಂಡದ ಮನೆಯಂಗಳ ಕೋಶಿಯೆನ್‌ನಲ್ಲಿ ಕಡಲ ಗಾಳಿ ಬಲದಿಂದ ಎಡಕ್ಕೆ ಬೀಸುತ್ತದೆ. ಎಡಗೈಯವರು ಸಹಜವಾಗಿ ಬಲಕ್ಕೆ ಎತ್ತಿ ಹೊಡೆದ ಚೆಂಡನ್ನು ಅದು ತಡೆದು ಒಳಗೇ ಬೀಳಿಸುತ್ತದೆ. ಬ್ಯಾಸ್ ಗಾಳಿಯೊಂದಿಗೆ ಜಗಳಕ್ಕೆ ನಿಲ್ಲದೆ ಚೆಂಡನ್ನು ಎಡಕ್ಕೆ ಕಳಿಸುವುದನ್ನು ರೂಢಿಸಿಕೊಂಡ. ನನ್ನ ಮಟ್ಟಿಗೆ ಅವನ ವಿದೇಶಿ ವೃತ್ತಿಜೀವನದ ತಿರುಳು ಇದೇ.

ಫಲ ಬಂದದ್ದು 1985ರಲ್ಲಿ: ಸರಾಸರಿ (ಲೆಕ್ಕಕ್ಕೆ ಬರುವ ಸರದಿಗಳಲ್ಲಿ ಯಶಸ್ವಿ ಹೊಡೆತಗಳ ಪಾಲು) 0.350, 54 ಹೋಮ್ ರನ್, 134 ಆರ್‌ಬಿಐ. ಆರ್‌ಬಿಐ ಎಂದರೆ ಬ್ಯಾಟರ್‌ನ ಹೊಡೆತದಿಂದ ತಂಡಕ್ಕೆ ಬಂದ ರನ್‌ಗಳ ಲೆಕ್ಕ. ಮೂರರಲ್ಲೂ ಲೀಗ್‌ಗೆ ಮೊದಲಿಗನಾದರೆ ಟ್ರಿಪಲ್ ಕ್ರೌನ್.

ಈಗ ಶೀರ್ಷಿಕೆಯ ಪ್ರಶ್ನೆ. ಸದಾಹರು ಓ 1964ರಲ್ಲಿ ಹೊಡೆದಿದ್ದ 55 ಹೋಮ್ ರನ್ ಆಗಿನ ದಾಖಲೆ. ಬ್ಯಾಸ್ 54ರಲ್ಲಿ ನಿಂತಿದ್ದಾಗ ಉಳಿದದ್ದು ಒಂದೇ ಪಂದ್ಯ. ಎದುರಾಳಿ ಯೊಮಿಯುರಿ ಜೈಂಟ್ಸ್, ಪಂದ್ಯದಲ್ಲಿ ಅದನ್ನು ನಡೆಸುವ ಮ್ಯಾನೇಜರ್ ಸ್ವತಃ ಓ! ಆ ದಿನ ಬ್ಯಾಸ್‌ಗೆ ನಾಲ್ಕು ಸಲ ವಾಕ್ ಕೊಟ್ಟರು. ಪಿಚರ್ ನಾಲ್ಕು ಚೆಂಡುಗಳನ್ನು ಸ್ಟ್ರೈಕ್ ವಲಯದ, ಎಂದರೆ ಬ್ಯಾಟರ್ ಹೊಡೆಯಬಲ್ಲ ಚೌಕದ, ಹೊರಗೆಸೆದರೆ ಬ್ಯಾಟರ್ ಸುಮ್ಮನೆ ಮೊದಲ ಬೇಸ್‌ಗೆ ನಡೆಯುತ್ತಾನೆ, ಅದು ವಾಕ್. ನಮ್ಮ ವೈಡ್‌ನಂತೆ ಕಂಡರೂ ಹಾಗಲ್ಲ: ವೈಡ್ ಆದ ಮೇಲೆ ಇನ್ನೊಂದು ಎಸೆತ ಸಿಗುತ್ತದೆ, ಇಲ್ಲಿ ಸರದಿಯೇ ಮುಗಿಯುತ್ತದೆ. ಸರಾಸರಿಯ ಭಾಜಕದಲ್ಲಿ ವಾಕ್ ಸೇರುವುದಿಲ್ಲವಾದ್ದರಿಂದ 0.350 ಎಂಬ ಅಂಕಿಯನ್ನು ಎಷ್ಟು ದಿಟ್ಟಿಸಿದರೂ ಆ ಸಂಜೆ ಕಾಣದು. ತಾನು ಹಾಗೆ ಹೇಳಿರಲಿಲ್ಲ ಎಂದರು ಓ. ಸ್ಟ್ರೈಕ್ ಎಸೆದರೆ ದಂಡ ಎಂದು ಕೋಚ್ ಬೆದರಿಸಿದ್ದರೆಂದು ಅದೇ ತಂಡದ ಅಮೆರಿಕನ್ ಪಿಚರ್ ಕೀತ್ ಕಾಮ್‌ಸ್ಟಾಕ್ ಆಮೇಲೆ ಹೇಳಿದ. ವಿದೇಶಿಯಿಂದ ಕಾಪಾಡಿದ ಈ ದಾಖಲೆಯ ಒಡೆಯ ಓ, ಟೋಕಿಯೊದಲ್ಲಿ ಹುಟ್ಟಿದರೂ ಜಪಾನಿನ ಪೌರರಲ್ಲ, ತಂದೆ ಚೀನಾದವರು.

ಮರುವರ್ಷ ಬ್ಯಾಸ್ ಮತ್ತೆ ಟ್ರಿಪಲ್ ಕ್ರೌನ್ ಗೆದ್ದ. ಆ ಸರಾಸರಿ 0.389, ಜಪಾನಿನಲ್ಲಿ ಇಂದಿಗೂ ಅದೇ ದಾಖಲೆ. 1988ರಲ್ಲಿ ಮಗನಿಗೆ ಮೆದುಳಿನ ಗೆಡ್ಡೆಯೆಂದು ತಿಳಿದು ಅಮೆರಿಕಕ್ಕೆ ಹೋದ. ಚಿಕಿತ್ಸೆಯ ವೆಚ್ಚ ಮತ್ತು ರಜೆಯ ಜಗಳದಲ್ಲಿ ತಂಡ ಅವನನ್ನು ಕೈಬಿಟ್ಟಿತು. ಮುಂದೆ ಒಕ್ಲಹೋಮ ರಾಜ್ಯದ ಶಾಸನಸಭೆಯಲ್ಲಿ ಸೆನೆಟರ್ ಆದ.

ಪ್ರತಿಮೆಯ ಕಥೆ ಬಿಟ್ಟರೆ ಟಿಪ್ಪಣಿ ಪೂರ್ತಿಯಾಗದು. 1985ರ ಅಕ್ಟೋಬರ್ 16ರಂದು ಟೈಗರ್ಸ್ ಸೆಂಟ್ರಲ್ ಲೀಗ್ ಗೆದ್ದಾಗ ಒಸಾಕಾದ ಎಬಿಸು ಸೇತುವೆಯ ಮೇಲೆ ಅಭಿಮಾನಿಗಳು ಒಬ್ಬೊಬ್ಬ ಆಟಗಾರನ ಹೆಸರು ಕೂಗಿದರು. ಅವನನ್ನು ಹೋಲುವವರು ಕಾಲುವೆಗೆ ಹಾರಿದರು. ಬ್ಯಾಸ್‌ನನ್ನು ಹೋಲುವ ಗಡ್ಡದ ಬಿಳಿಯ ಸಿಗಲಿಲ್ಲ. ಹತ್ತಿರದ ಕೆಎಫ್‌ಸಿ ಕೋಳಿ ಅಂಗಡಿಯ ಮುಂದಿದ್ದ, ಅದರ ಗಡ್ಡದ ಸ್ಥಾಪಕ ಕರ್ನಲ್ ಸ್ಯಾಂಡರ್ಸ್ ಪ್ರತಿಮೆಯನ್ನೇ ನೀರಿಗೆಸೆದರು. ಆ ವರ್ಷ ಎರಡು ಲೀಗ್‌ಗಳ ವಿಜೇತರ ಅಂತಿಮ ಸರಣಿಯಾದ ಜಪಾನ್ ಸೀರೀಸ್ ಗೆದ್ದ ತಂಡ ಮತ್ತೆ ಅದನ್ನು ಗೆಲ್ಲದೇ ಹೋದಾಗ ಕರ್ನಲ್‌ನ ಶಾಪವೆಂಬ ಮಾತು ಹುಟ್ಟಿತು. 2009ರಲ್ಲಿ ಪ್ರತಿಮೆ ಸಿಕ್ಕಿತು, ಕನ್ನಡಕ ಸಿಗಲಿಲ್ಲ. ಸೀರೀಸ್ ಸಿಕ್ಕಿದ್ದು 2023ರಲ್ಲಿ. ಬ್ಯಾಸ್ ಜಪಾನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದದ್ದೂ ಅದೇ ವರ್ಷ. ಆಗ ತಂಡದ ಮ್ಯಾನೇಜರ್ ಆಗಿದ್ದವರು ಅಕಿನೊಬು ಒಕಾದಾ: 1985ರ ಏಪ್ರಿಲ್‌ನಲ್ಲಿ ಜೈಂಟ್ಸ್ ವಿರುದ್ಧ ಬ್ಯಾಸ್ ಮತ್ತು ಸಹ ಆಟಗಾರ ಕಾಕೆಫು ಬೆನ್ನಿಗೆ ಸತತ ಮೂರನೆಯ ಹೋಮ್ ರನ್ ಹೊಡೆದಿದ್ದವರು.