ಗಾಡಿಯೊಳಗೆ ನೆಟ್ ಯಾಕೆ ಹತ್ತುವುದಿಲ್ಲ?

ಹೋದ ವರ್ಷ ಜನವರಿಯಲ್ಲಿ ಬಾದಾಮಿಯಿಂದ ಒಂದು ಫೋನ್ ಬಂತು. ಬೆಂಗಳೂರಿನ ಒಬ್ಬರು ಟೆಂಪೋ ಟ್ರಾವೆಲರನ್ನು ಕ್ಯಾರವಾನ್ ಮಾಡಿಸಿಕೊಂಡು, ಅಪ್ಪ ಅಮ್ಮನನ್ನು ಕರೆದುಕೊಂಡು ಐಹೊಳೆ, ಪಟ್ಟದಕಲ್ಲು ನೋಡಲು ಬಂದಿದ್ದರು. ಹಗಲು ಗುಡಿ ನೋಡೋದು, ಸಂಜೆ ಗಾಡಿಯಲ್ಲೇ ಕೂತು ಆಫೀಸ್ ಕೆಲಸ ಮಾಡೋದು, ಹೀಗಿತ್ತು ಅವರ ಲೆಕ್ಕ. ‘ಸರ್, ಹೊರಗೆ ನಿಂತ್ರೆ ನೆಟ್ ಬರುತ್ತೆ. ಒಳಗೆ ಬಂದು ಬಾಗಿಲು ಹಾಕಿದ್ರೆ ಹೋಗುತ್ತೆ. ರೂಟರ್ ಹಾಳಾಗಿದೆಯಾ? ಇನ್ನೂ ದೊಡ್ಡದು ತಗೋಬೇಕಾ?’ ಅಂತ ಕೇಳಿದರು.

ಮರುದಿನ ನನಗೆ ಬಾಗಲಕೋಟೆಯಲ್ಲಿ ಕೆಲಸ ಇತ್ತು. ಮುಗಿಸಿಕೊಂಡು ಬಾದಾಮಿಗೆ ಹೋದೆ. ನೆರಳು ಸಿಗಲಿ ಅಂತ ಗಾಡಿಯನ್ನು ಗುಡ್ಡದ ಬಂಡೆಗೆ ತಾಗಿಸಿದ ಹಾಗೆ ನಿಲ್ಲಿಸಿದ್ದರು. ಸಿಮ್ ಹಾಕಿದ ರೂಟರ್ ಕಣ್ಣಿಗೆ ಬೀಳಬಾರದು ಅಂತ ಹಾಸಿಗೆ ಕೆಳಗಿನ ಡ್ರಾಯರ್‌ನಲ್ಲಿ ಇಟ್ಟಿದ್ದರು. ಗೋಡೆಯೊಳಗೆ ಬಿಸಿಲು ತಡೆಯಲು ಅಲ್ಯೂಮಿನಿಯಂ ಹಾಳೆ ಅಂಟಿಸಿದ ಫೋಮ್. ಡ್ರಾಯರ್ ಹತ್ತಿರ ಸಿಗ್ನಲ್ ಅಳೆದೆ, ಮೈನಸ್ 118. ಬಾಗಿಲಾಚೆ ಮೆಟ್ಟಿಲ ಮೇಲೆ ಮೈನಸ್ 105. ಏಣಿ ಹತ್ತಿ ಗಾಡಿಯ ಚಾವಣಿ ಮೇಲೆ ಹಿಡಿದರೆ ಮೈನಸ್ 98. ಸಿಮ್ ಅದೇ, ಟವರ್ ಅದೇ.

ಈ ಅಂಕಿಯನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಇದು 4ಜಿ ಸಿಗ್ನಲ್‌ನ ಬಲ, ಡಿಬಿಎಂ ಲೆಕ್ಕದಲ್ಲಿ. ಮೈನಸ್ 80 ಇದ್ದರೆ ಚಿಂತೆಯಿಲ್ಲ. 100ರ ಆಸುಪಾಸಿನಲ್ಲಿ ಕೆಲಸ ನಡೆಯುತ್ತದೆ. 110 ದಾಟಿದರೆ ವಿಡಿಯೋ ಕಾಲ್ ನಿಂತು ನಿಂತು ಬರುತ್ತದೆ. 120ಕ್ಕೆ ಬಂದರೆ ಟವರ್ ಕೈಬಿಟ್ಟ ಹಾಗೇ. 10 ಅಂಕಿ ಕೆಳಗಿಳಿದರೆ ಸಿಗ್ನಲ್ ಹತ್ತನೇ ಒಂದು ಪಾಲು ಆಯಿತು ಅಂತ ಅರ್ಥ. 20 ಇಳಿದರೆ ನೂರನೇ ಒಂದು ಪಾಲು. ಆ ಗಾಡಿಯ ಡ್ರಾಯರ್‌ಗೂ ಚಾವಣಿಗೂ ಸರಿಯಾಗಿ 20 ಅಂಕಿ ಅಂತರ. ಅಂದರೆ ಚಾವಣಿ ತನಕ ಬಂದ ಸಿಗ್ನಲ್‌ನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಡ್ರಾಯರ್ ಮುಟ್ಟುತ್ತಲೇ ಇರಲಿಲ್ಲ.

ಫೋನಿನ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಡಿಬಿಎಂಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ಇಟ್ಟುಕೊಂಡಿದೆ. ತುಂಬಾ ಆಂಡ್ರಾಯ್ಡ್ ಫೋನ್‌ಗಳಲ್ಲಿ *#*#4636#*#* ಒತ್ತಿದರೆ ನಿಜವಾದ ಅಂಕಿ ಕಾಣುತ್ತದೆ. ರೂಟರ್ ಆದರೆ ಅದರ ಸೆಟ್ಟಿಂಗ್ಸ್ ಪುಟದಲ್ಲಿ ಇದೇ ಅಂಕಿ ಆರ್‌ಎಸ್‌ಆರ್‌ಪಿ ಅಂತ ಇರುತ್ತದೆ.

ಬೆಳಗಾವಿಯಲ್ಲಿ ಗಾಡಿಗಳಿಗೆ ರೂಟರ್, ಆಂಟೆನಾ ಕೂರಿಸುವುದು ನನ್ನ ಕೆಲಸ. ಅದಕ್ಕೂ ಮೊದಲು ಟವರ್‌ಗಳ ಡ್ರೈವ್ ಟೆಸ್ಟ್ ಮಾಡುತ್ತಿದ್ದೆ. ಜೀಪಿನಲ್ಲಿ ಫೋನ್‌ಗಳನ್ನು ಹಚ್ಚಿಕೊಂಡು ಊರೂರು ತಿರುಗಿ ಸಿಗ್ನಲ್ ಬರೆದುಕೊಳ್ಳುವ ಕೆಲಸ ಅದು. ನನ್ನ ಹತ್ತಿರ ಬರುವವರು ಮೊದಲು ಕೇಳುವುದು ‘ಯಾವ ರೂಟರ್ ಒಳ್ಳೇದು?’ ಅಂತ. ರೂಟರ್ ಆಮೇಲೆ ನೋಡೋಣ. ನಿಮ್ಮ ಗಾಡಿ ಒಂದು ತಗಡಿನ ಪೆಟ್ಟಿಗೆ, ಅಲ್ವಾ? ಸಿಗ್ನಲ್ ಹಿಡಿಯುವ ಆಂಟೆನಾ ಆ ಪೆಟ್ಟಿಗೆಯಿಂದ ಹೊರಗೆ ಬರಬೇಕು. ಎಷ್ಟೇ ದುಬಾರಿ ರೂಟರ್ ಆದರೂ ತನ್ನ ತನಕ ಬರದೇ ಇರುವುದನ್ನು ಹಿಡಿಯಲಾರದು.

ಮನೆಯಲ್ಲೇ ನೋಡಿ. ಸ್ಟೀಲಿನ ರೊಟ್ಟಿ ಡಬ್ಬಿಯೊಳಗೆ ಫೋನ್ ಇಟ್ಟು ಮುಚ್ಚಳ ಹಾಕಿ, ಇನ್ನೊಂದು ಫೋನಿನಿಂದ ಕರೆ ಮಾಡಿ. ಊರ ನಡುವೆ ಆದರೆ ರಿಂಗ್ ಆಗಿಯೇ ಆಗಬಹುದು. ಮುಚ್ಚಳದ ಸಂದಿಯಲ್ಲಿ ನುಸುಳಿದಷ್ಟು ಸಿಗ್ನಲ್ ಅಲ್ಲಿ ಸಾಕು. ಅದೇ ಡಬ್ಬಿಯನ್ನು ಟವರ್ ದೂರ ಇರುವ ಹೊಲಕ್ಕೆ ಒಯ್ದು ನೋಡಿ. ‘ಊರಲ್ಲಿ ಚೆನ್ನಾಗೇ ಬರುತ್ತಿತ್ತು, ಇಲ್ಲಿ ಬಂದ ಮೇಲೆ ರೂಟರ್ ಕೆಟ್ಟಿತು’ ಅಂತ ಕ್ಯಾರವಾನ್‌ನವರು ಹೇಳುವುದು ಇದೇ ಕಾರಣಕ್ಕೆ.

ಬಾದಾಮಿಯಲ್ಲಿ ಅವತ್ತು ಏನನ್ನೂ ಕೊಳ್ಳಲಿಲ್ಲ. ಅಲ್ಲಿ ಅಗಸ್ತ್ಯ ಕೆರೆಯ ಉತ್ತರಕ್ಕೊಂದು ದಕ್ಷಿಣಕ್ಕೊಂದು ಬಂಡೆಗುಡ್ಡ. ಊರು ಇರುವುದು ಪಡುವಣಕ್ಕೆ. ಗುಡ್ಡದ ಬುಡಕ್ಕೆ ಅಂಟಿ ನಿಂತರೆ ಅರ್ಧ ಆಕಾಶ ಮುಚ್ಚಿದ ಹಾಗೆ. ಗಾಡಿಯನ್ನು ಊರ ಕಡೆಯ ಬಯಲಿಗೆ ತಂದೆವು. ಚಾವಣಿಯಲ್ಲಿ ಗಾಳಿಗೆ ಅಂತ ಪ್ಲಾಸ್ಟಿಕ್ ಮುಚ್ಚಳದ ಕಿಂಡಿ ಇತ್ತು. ರೂಟರನ್ನು ಡ್ರಾಯರ್‌ನಿಂದ ತೆಗೆದು ಆ ಕಿಂಡಿಯ ಕೆಳಗೆ ಕಟ್ಟಿದೆವು. ಪ್ಲಾಸ್ಟಿಕ್ ಸಿಗ್ನಲ್ ತಡೆಯುವುದಿಲ್ಲ. ಅಂಕಿ ಮೈನಸ್ 101ಕ್ಕೆ ಬಂತು. ಇಪ್ಪತ್ತು ನಿಮಿಷದ ಕೆಲಸ. ರಾತ್ರಿ ಒಂಬತ್ತಕ್ಕೆ ಅವರ ಮೀಟಿಂಗ್ ಮುಗಿದ ಮೇಲೆ ಅವರ ತಾಯಿ ಫೋನ್ ತಗೊಂಡು ‘ಒಂದ್ಸಲವೂ ಕಟ್ ಆಗಲಿಲ್ಲಪ್ಪ’ ಅಂದರು.

ಆದರೆ ಬಲ ಒಂದೇ ಸಾಲದು. ವಿಜಯಪುರದ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ನೀವು ನೋಡಿರಬಹುದು. ಬೆಳಿಗ್ಗೆ ಜನ ಇಲ್ಲದಾಗ ಹೋದರೆ ಆ ತುದಿಯಲ್ಲಿ ಆಡಿದ ಪಿಸುಮಾತು ಈ ತುದಿಗೆ ಸ್ಪಷ್ಟವಾಗಿ ಕೇಳುತ್ತದೆ. ಹನ್ನೊಂದು ಗಂಟೆಗೆ ಶಾಲೆ ಮಕ್ಕಳು ಬಂದು ಕೂಗಲು ಶುರು ಮಾಡಿದರೆ ಸದ್ದು ಕಿವಿ ತುಂಬುತ್ತದೆ, ಮಾತು ಮಾತ್ರ ಒಂದೂ ತಿಳಿಯುವುದಿಲ್ಲ. ಸಿಗ್ನಲ್ ಕೂಡ ಹಾಗೇ. ಬೇರೆ ಟವರ್‌ಗಳ ಗದ್ದಲದ ನಡುವೆ ನಮ್ಮ ಟವರ್‌ನ ಮಾತು ಎಷ್ಟು ಬಿಡಿಯಾಗಿ ಕೇಳುತ್ತದೆ ಅನ್ನುವುದಕ್ಕೆ ಇನ್ನೊಂದು ಅಂಕಿ ಇದೆ, ಎಸ್‌ಐಎನ್‌ಆರ್ ಅಂತ. 20ರ ಮೇಲಿದ್ದರೆ ತುಂಬಾ ಚೆನ್ನ, ಸೊನ್ನೆಯ ಹತ್ತಿರ ಬಂದರೆ ಬರೀ ಗದ್ದಲ. ಕಡ್ಡಿ ತುಂಬಿದ್ದರೂ ನೆಟ್ ಓಡದೇ ಇದ್ದರೆ ಮೊದಲು ಇದನ್ನು ನೋಡಿ. ಗಾಡಿಯನ್ನು ಹತ್ತಿಪ್ಪತ್ತು ಹೆಜ್ಜೆ ಆಚೀಚೆ ಮಾಡಿದರೆ, ಒಂದು ಕಟ್ಟಡದ ಮರೆಗೆ ತಂದರೆ, ಬೇಡದ ಟವರ್ ಮರೆಯಾಗಿ ಇದು ಏರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಜನರ ಗದ್ದಲ ಬೇರೆ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ನಮ್ಮ ಕಡೆಯವರು ಟ್ರಾಕ್ಟರ್ ಟ್ರೇಲರ್‌ಗೆ ತಾಡಪತ್ರಿ ಕಟ್ಟಿಕೊಂಡು, ಅದರಲ್ಲೇ ಅಡಿಗೆ ಮಾಡಿಕೊಂಡು, ಅದರಲ್ಲೇ ಮಲಗಿ ಹೋಗಿಬರುತ್ತಾರೆ. ಕ್ಯಾರವಾನ್ ಅನ್ನುವ ಹೆಸರು ಕೇಳುವ ಮುಂಚಿನಿಂದಲೂ ನಮ್ಮ ಕ್ಯಾರವಾನ್ ಅದೇ. ‘ಸರ, ಟವರ್ ಫುಲ್ ಐತ್ರಿ, ನೆಟ್ ಮಾತ್ರ ಹತ್ತವಲ್ದು’ ಅಂತ ಒಬ್ಬ ಚಾಲಕರು ಅಲ್ಲಿಂದ ಫೋನ್ ಮಾಡಿದ್ದರು. ಅವರ ಫೋನಿನಲ್ಲಿ ತಪ್ಪೇನೂ ಇರಲಿಲ್ಲ. ಒಂದು ಟವರ್‌ನಲ್ಲಿರುವ ಜಾಗವನ್ನು ಇದ್ದವರೆಲ್ಲ ಹಂಚಿಕೊಳ್ಳಬೇಕು. ಆಂಟೆನಾ ಬದಲಿಸಿದರೆ ಇದಕ್ಕೆ ಹೆಚ್ಚಿನ ಗುಣ ಕಾಣುವುದಿಲ್ಲ. ಎರಡನೇ ಕಂಪನಿಯ ಸಿಮ್ ಇಟ್ಟುಕೊಳ್ಳಿ. ಫೋಟೋ, ವಿಡಿಯೋ ಕಳಿಸುವುದಿದ್ದರೆ ಬೆಳಗಿನ ಜಾವ ಐದಕ್ಕೆ ಕಳಿಸಿ.

ಇನ್ನು ಆಂಟೆನಾ. ಓಡುವಾಗಲೂ ನೆಟ್ ಬೇಕು ಅಂದರೆ ಎಲ್ಲ ದಿಕ್ಕಿನಿಂದಲೂ ಹಿಡಿಯುವಂಥದ್ದು ಬೇಕು. ಒಂದೇ ಕಡೆ ಎರಡು ಮೂರು ದಿನ ನಿಲ್ಲುವವರಿಗೆ ಟವರ್ ಕಡೆ ಮುಖ ಮಾಡಿ ತಿರುಗಿಸುವ ಪ್ಯಾನೆಲ್ ಆಂಟೆನಾ ಒಳ್ಳೆಯದು. ವಿಜಯಪುರದ ಎರೆಹೊಲಗಳ ಬಯಲಿನಲ್ಲಿ, ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಇದು ಚೆನ್ನಾಗಿ ದುಡಿಯುತ್ತದೆ. ಅಡ್ಡ ಬರಲು ಗುಡ್ಡವಿಲ್ಲ. ಕೊಳ್ಳುವಾಗ ಎರಡು ಕೇಬಲ್ ಇರುವುದನ್ನೇ ಕೊಳ್ಳಿ. 4ಜಿ ಒಮ್ಮೆಗೆ ಎರಡು ಆಂಟೆನಾದಲ್ಲಿ ಕೆಲಸ ಮಾಡುತ್ತದೆ, ಒಂದನ್ನೇ ಹಾಕಿದರೆ ವೇಗ ಕುಗ್ಗುತ್ತದೆ. ಗೇಣುದ್ದದ ಕಡ್ಡಿಗೆ ‘35 ಡಿಬಿಐ’ ಅಂತ ಬರೆದಿದ್ದರೆ ವಾಪಸ್ ಇಟ್ಟುಬಿಡಿ. ಡಿಬಿಐ ಅಂದರೆ ಆಂಟೆನಾ ಸಿಗ್ನಲನ್ನು ಎಷ್ಟು ಒಟ್ಟುಗೂಡಿಸಿ ಹಿಡಿಯುತ್ತದೆ ಅನ್ನುವ ಅಳತೆ. ಅಷ್ಟು ಚಿಕ್ಕದರಿಂದ ಎರಡರಿಂದ ಐದು ಸಿಕ್ಕರೆ ಹೆಚ್ಚು.

ಅಯಸ್ಕಾಂತದ ಬುಡದ ಆಂಟೆನಾ ಅಲ್ಯೂಮಿನಿಯಂಗೂ ಫೈಬರ್‌ಗೂ ಅಂಟುವುದಿಲ್ಲ ಅನ್ನುವುದು ಗಾಡಿ ತಂದು ನಿಲ್ಲಿಸಿದ ಮೇಲೇ ತುಂಬಾ ಜನಕ್ಕೆ ಗೊತ್ತಾಗುತ್ತದೆ. ಅಂಥ ಆಂಟೆನಾಕ್ಕೆ ಕೆಳಗೆ ಲೋಹದ ತಟ್ಟೆ ಬೇಕೇ ಬೇಕು, ಅದು ಸುಮ್ನೆ ಹಿಡಿದುಕೊಳ್ಳಲು ಅಲ್ಲ. ಆಂಟೆನಾದ ಅರ್ಧ ಕೆಲಸ ಆ ತಟ್ಟೆಯೇ ಮಾಡುತ್ತದೆ. ಫೈಬರ್ ಚಾವಣಿ ಇದ್ದರೆ ಒಂದು ಕಬ್ಬಿಣದ ತಗಡು ಕೂರಿಸಿ ಅದರ ಮೇಲಿಡಿ.

ಕೇಬಲ್ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ವಿಜಯಪುರದ ಒಬ್ಬ ದ್ರಾಕ್ಷಿ ವ್ಯಾಪಾರಿಯ ವ್ಯಾನಿಗೆ ಆಂಟೆನಾ ಹಾಕಿ, ಜೊತೆಗೆ ಬಂದಿದ್ದ 10 ಮೀಟರ್ ತೆಳು ಕೇಬಲನ್ನು ಹಾಗೇ ಬಳಸಿದೆ. ಬೇಕಿದ್ದದ್ದು ಎರಡು ಮೀಟರ್. ಉಳಿದದ್ದನ್ನು ಸುತ್ತಿ ಸೀಟಿನ ಹಿಂದೆ ಇಟ್ಟೆ. ಆ ತೆಳು ಕೇಬಲ್ 4ಜಿ ಓಡುವ 2300 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 1 ಡಿಬಿ ತಿನ್ನುತ್ತದೆ. 10 ಮೀಟರಿಗೆ 10 ಡಿಬಿ, ಅಂದರೆ ಹತ್ತರಲ್ಲಿ ಒಂಬತ್ತು ಪಾಲು ದಾರಿಯಲ್ಲೇ ಹೋಯಿತು. ಆಂಟೆನಾ ಹಾಕಿಸಿದ ಮೇಲೆ ನೆಟ್ ಮೊದಲಿಗಿಂತ ಕೆಟ್ಟಿದೆ ಅಂತ ಅವರು ವಾಪಸ್ ಬಂದಾಗ ನನಗೆ ತುಂಬಾ ನೋವಾಯಿತು. ಅವತ್ತಿನಿಂದ ಕೇಬಲ್ ಅಳತೆ ಮಾಡಿ ಕತ್ತರಿಸದೆ ಒಂದು ಗಾಡಿಯನ್ನೂ ಬಿಟ್ಟಿಲ್ಲ. ರೂಟರನ್ನೇ ಆಂಟೆನಾ ಹತ್ತಿರ ತನ್ನಿ. ಅಲ್ಲಿಂದ ಮುಂದೆ ವೈಫೈ ಗಾಡಿ ತುಂಬ ಹರಡುತ್ತದೆ. ಕೇಬಲ್ ಒಳಗೆ ಹೋಗುವ ಮುಂಚೆ ಒಂದು ಸಲ ಕೆಳಗೆ ಬಾಗಿ ಮೇಲೆ ಹೋಗಲಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಇಳಿಯುವುದಿಲ್ಲ.

‘ಬೂಸ್ಟರ್ ಹಾಕಿಬಿಡಿ ಸರ್’ ಅಂತ ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ಹಾಕುವುದಿಲ್ಲ. ಪರವಾನಗಿ ಇಲ್ಲದೆ ಸಿಗ್ನಲ್ ಬೂಸ್ಟರ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ರೇಡಿಯೋ ಉಪಕರಣಕ್ಕೆ ಪರವಾನಗಿ ಬೇಕು ಅನ್ನುವುದು 1933ರ ಕಾಯ್ದೆಯಿಂದಲೂ ಇದೆ. ಕಾನೂನು ಒಂದು ಕಡೆ ಇರಲಿ, ಕಳಪೆ ಬೂಸ್ಟರ್ ಟವರ್ ಕಡೆಗೆ ಗದ್ದಲ ಎಬ್ಬಿಸುತ್ತದೆ. ನೀವು ರಾತ್ರಿ ತಂಗಿದ ಹಳ್ಳಿಯವರ ಫೋನ್ ನಿಮ್ಮಿಂದ ಕೆಡಬಾರದು. ರೂಟರ್‌ಗೆ ಹೊರಗಿನ ಆಂಟೆನಾ ಜೋಡಿಸುವುದು ಬೇರೆ ವಿಷಯ, ಅದರಲ್ಲಿ ತಪ್ಪಿಲ್ಲ. ಹಾಗೇ, ಹೊರದೇಶದಿಂದ ಬರುವ ನೆಂಟರು ಸ್ಯಾಟಲೈಟ್ ಫೋನ್ ತರುತ್ತೇನೆ ಅಂದರೆ ಬೇಡ ಅನ್ನಿ. ಅನುಮತಿ ಇಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ತೊಂದರೆಗೆ ಸಿಕ್ಕಿಬೀಳುತ್ತಾರೆ.

ಯಾವ ಸಿಮ್? ಕಂಪನಿಗಳ ನಕ್ಷೆ ನೋಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಹಳ್ಳಿ ಮುಟ್ಟಿದ ಕೂಡಲೇ ಚಹಾ ಅಂಗಡಿಯಲ್ಲಿ ಕೂತು ‘ಕಾಕಾ, ಇಲ್ಲಿ ಯಾವ ನೆಟ್ ಚಲೋ ಹತ್ತತೈತ್ರಿ?’ ಅಂತ ಕೇಳಿ. ಇದಕ್ಕಿಂತ ಒಳ್ಳೆಯ ನಕ್ಷೆ ನನಗೆ ಸಿಕ್ಕಿಲ್ಲ. ಅಂಗಡಿಯ ಸೌಂಡ್ ಬಾಕ್ಸ್ ‘ಹತ್ತು ರೂಪಾಯಿ ಬಂದಿದೆ’ ಅಂತ ಕೂಗಿದರೆ ಅಲ್ಲಿ ಯಾವುದೋ ಸಿಗ್ನಲ್ ಇದೆ ಅಂತ ಗೊತ್ತಾಗುತ್ತದೆ, ಆ ಡಬ್ಬಿಗಳಲ್ಲಿ ಹೆಚ್ಚಿನವುಗಳಲ್ಲಿ ಒಂದು ಸಿಮ್ ಇರುತ್ತದೆ. ಆದರೆ ಅದಕ್ಕೆ ಎಳೆಯಷ್ಟು ಡೇಟಾ ಸಾಕು, ನಿಮ್ಮ ವಿಡಿಯೋ ಕಾಲಿಗೆ ಗಂಟೆಗೆ ಅರ್ಧದಿಂದ ಒಂದು ಜಿಬಿ ಬೇಕು. ದಿನಕ್ಕೆ 2 ಜಿಬಿಯ ಪ್ಯಾಕ್ ಹಾಕಿಸಿಕೊಂಡವರು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿ.

ಹಳ್ಳಿಗಳ ನಡುವೆ ಓಡಾಡುವಾಗ ಫೋನನ್ನೂ ರೂಟರನ್ನೂ 4ಜಿಗೆ ಕಟ್ಟಿಬಿಡಿ ಅಂತ ನಾನು ಹೇಳುತ್ತೇನೆ. ದೂರದ ಜಾತ್ರೆಯ ಡೊಳ್ಳು ನಮಗೆ ಕೇಳುತ್ತದೆ, ತಾಳ ಕೇಳುವುದಿಲ್ಲ. ಕೆಳಗಿನ ಸ್ವರ ದೂರ ಹೋಗುತ್ತದೆ. ರೇಡಿಯೋ ಅಲೆಯೂ ಹಾಗೇ. 850, 900 ಮೆಗಾಹರ್ಟ್ಸ್‌ನ 4ಜಿ ದೂರ ಮುಟ್ಟುತ್ತದೆ, ಗೋಡೆ ದಾಟುತ್ತದೆ. ಪೇಟೆಗಳಲ್ಲಿ ವೇಗ ಕೊಡುವ 3300 ಮೆಗಾಹರ್ಟ್ಸ್‌ನ 5ಜಿ ಅಷ್ಟು ದೂರ ಬರುವುದಿಲ್ಲ. ಎರಡರ ನಡುವೆ ಹಾರಾಡುತ್ತಾ ಫೋನ್ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ.

ಬೆಳಗಾವಿ ಗಡಿಯವರು ಒಂದು ಮಾತು ನೆನಪಿಡಿ. ನಿಪ್ಪಾಣಿ ಕಡೆಯಲ್ಲಿ, ಚೋರ್ಲಾ ಘಾಟ್‌ನಲ್ಲಿ ಗಡಿ ದಾಟದೇ ಇದ್ದರೂ ಫೋನ್ ಆಚೆ ಕಡೆಯ ಟವರ್ ಹಿಡಿಯುತ್ತದೆ. ಗೋವಾ ಕೂಡ ಟೆಲಿಕಾಂ ಲೆಕ್ಕದಲ್ಲಿ ಮಹಾರಾಷ್ಟ್ರ ಸರ್ಕಲ್ಲಿಗೇ ಸೇರಿದೆ. ಆಚೆ ಕಡೆಯ ಟವರ್ ಹಿಡಿದರೆ ನಿಮ್ಮ ಸಿಮ್ ರೋಮಿಂಗ್‌ಗೆ ಹೋದ ಹಾಗೆ. ಡೇಟಾ ರೋಮಿಂಗ್ ಆಫ್ ಇದ್ದರೆ ಕಡ್ಡಿ ತುಂಬಿರುತ್ತದೆ, ನೆಟ್ ಇರುವುದಿಲ್ಲ. ಎಷ್ಟೋ ರೂಟರ್‌ಗಳಲ್ಲಿ ಇದು ಆಫ್ ಆಗಿಯೇ ಬರುತ್ತದೆ. ಮನೆಯಲ್ಲೇ ಆನ್ ಮಾಡಿಕೊಂಡು ಹೊರಡಿ.

ಕರೆಂಟಿನ ಚಿಂತೆ ಕಡಿಮೆ. ರೂಟರ್ ಸುಮಾರು 8 ವ್ಯಾಟ್ ತಿನ್ನುತ್ತದೆ. 12 ವೋಲ್ಟಿನ 100 ಎಎಚ್ ಬ್ಯಾಟರಿಯಲ್ಲಿ ಅರ್ಧ ಬಳಸಿದರೂ ಮೂರು ದಿನ ನಡೆಯುತ್ತದೆ. 12 ವೋಲ್ಟಿಗೆ ನೇರ ಹಚ್ಚುವಂಥದ್ದನ್ನೇ ಆರಿಸಿ, ಇನ್‌ವರ್ಟರ್ ಮೂಲಕ ಬೇಡ. ಕಾಡುವುದು ಸೆಖೆ. ಏಪ್ರಿಲ್, ಮೇ ತಿಂಗಳ ವಿಜಯಪುರದ ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲೆ ಹಾಟ್‌ಸ್ಪಾಟ್ ಹಚ್ಚಿಟ್ಟ ಫೋನ್ ಬಿಸಿಯೇರಿ ತಾನೇ ವೇಗ ತಗ್ಗಿಸುತ್ತದೆ, ಕೊನೆಗೆ ಮಲಗಿಬಿಡುತ್ತದೆ. ಅದಕ್ಕೇ ದಿನವಿಡೀ ಕೆಲಸ ಮಾಡುವವರಿಗೆ ಫೋನ್ ಹಾಟ್‌ಸ್ಪಾಟ್ ಸಾಲದು, ಬೇರೆ ರೂಟರ್ ಬೇಕು.

ಕೊನೆಗೆ ಜಾಂಬೋಟಿ, ಕಣಕುಂಬಿ ಕಡೆಯ ಕಾಡು. ಮಲಪ್ರಭೆ ಹುಟ್ಟುವ ಜಾಗ ನೋಡಲು ಮಳೆಗಾಲದಲ್ಲಿ ಗಾಡಿಗಳು ಜಾಸ್ತಿ. ಮಳೆಗೆ ಸಿಗ್ನಲ್ ಹೋಗುತ್ತದೆ ಅಂತಾರೆ. 4ಜಿ ಅಲೆಗೆ ಮಳೆಹನಿ ಅಡ್ಡಿಯಾಗುವುದು ತೀರಾ ಕಡಿಮೆ. ಒದ್ದೆ ಎಲೆಗಳ ದಟ್ಟ ಕಾಡು ತಡೆಯುತ್ತದೆ, ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಮುಗಿದರೆ ಪೂರ್ತಿ ಹೋಗುತ್ತದೆ. ಅಲ್ಲಿ ಯಾವ ಆಂಟೆನಾವೂ ಗ್ಯಾರಂಟಿ ಕೊಡುವುದಿಲ್ಲ, ನಾನೂ ಕೊಡುವುದಿಲ್ಲ. ಬೆಳಗಾವಿ ಬಿಡುವ ಮುಂಚೆಯೇ ಆ ಭಾಗದ ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದೋ ಟವರ್ ಸಿಕ್ಕರೆ ಫೋನ್ ಅದರ ಮೂಲಕವೇ 112ಕ್ಕೆ ಹಚ್ಚುತ್ತದೆ ಅನ್ನುವುದನ್ನು ಮಕ್ಕಳಿಗೂ ಹೇಳಿಕೊಡಿ. ಜಾಂಬೋಟಿಯಲ್ಲಿ ಇನ್ನೂ ಸಿಗ್ನಲ್ ಇರುವಾಗಲೇ ಗಾಡಿ ನಿಲ್ಲಿಸಿ, ಮನೆಗೆ ಒಂದು ಮೆಸೇಜ್ ಹಾಕಿ: ಎಲ್ಲಿ ತಂಗುತ್ತೀರಿ, ಗಾಡಿ ನಂಬರ್ ಏನು, ನಾಳೆ ಎಷ್ಟು ಗಂಟೆಯೊಳಗೆ ಫೋನ್ ಮಾಡುತ್ತೀರಿ ಅಂತ.