ಕಾಂಟ್ರಾ ಕ್ಯಾಸೆಟ್ಟಿನೊಳಗೆ ಪಂಕ್ತಿಯೂಟ

ಮೊದಲು ಒಂದು ಮೂಢನಂಬಿಕೆ ಮುಗಿಸಿಬಿಡೋಣ. ತೊಂಬತ್ತರ ದಶಕದಲ್ಲಿ ಟಿವಿ ಗೇಮ್ ಆಡಿದವರೆಲ್ಲ ಕ್ಯಾಸೆಟ್ಟಿನ ಬಾಯಿಗೆ ಉಫ್ ಅಂತ ಊದಿದವರೇ. ಊದಿದ್ದಕ್ಕೆ ಗೇಮ್ ಓಡಲಿಲ್ಲ. ತೆಗೆದು ಮತ್ತೆ ಹಾಕಿದಾಗ ಪಿನ್ನುಗಳು ಸರಿಯಾಗಿ ಕೂತವು, ಅಷ್ಟೇ. ಬಾಯಿಯ ತೇವದಿಂದ ಕಿಲುಬು ಹಿಡಿದಿದ್ದೇ ಲಾಭ! ಹೆಸರೂ ಸುಳ್ಳೇ. ಕ್ಯಾಸೆಟ್ಟಿನೊಳಗೆ ಟೇಪಿಲ್ಲ, ಸುತ್ತುವ ಚಕ್ರವಿಲ್ಲ. ಒಂದು ಬೋರ್ಡು, ಕೆಲವು ಚಿಪ್ಪು. ಅದಕ್ಕೇ ಅದನ್ನು ಮನೆಯಲ್ಲಿ ಕೂತು ಮಾಡಬಹುದು.

ನಮ್ಮಲ್ಲಿ ಸಿಗುತ್ತಿದ್ದ ಮೆಷೀನುಗಳು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಅದೇ ಮೆಷೀನು 1985ರಲ್ಲಿ ಎನ್‌ಇಎಸ್ ಎಂಬ ಹೆಸರಲ್ಲಿ ಅಮೆರಿಕಕ್ಕೆ ಹೋಯಿತು. ಫ್ಯಾಮಿಕಾಮ್‌ಗೆ 60 ಪಿನ್ನು, ಎನ್‌ಇಎಸ್‌ಗೆ 72. ನಾನು ಹೇಳಹೊರಟಿರುವುದು 1988ರಲ್ಲಿ ಕೊನಾಮಿ ಕಂಪನಿ ಅಮೆರಿಕದಲ್ಲಿ ತಂದ ಕಾಂಟ್ರಾ ಎಂಬ ಗೇಮಿನ ಬಗ್ಗೆ.

ಅದರ ಗಾತ್ರ 128 ಕಿಲೋಬೈಟ್. ಪ್ರೊಸೆಸರಿಗೆ ಕ್ಯಾಸೆಟ್ಟಿನಲ್ಲಿ ಒಂದು ಸಲಕ್ಕೆ ಕಾಣುವ ಪ್ರೋಗ್ರಾಮಿನ ಜಾಗ 32 ಕಿಲೋಬೈಟ್ ಮಾತ್ರ. ಸೂಪರ್ ಮಾರಿಯೋ ಅಷ್ಟರಲ್ಲೇ ಹಿಡಿಸಿತು. ಕಾಂಟ್ರಾ ಹೇಗೆ ಹಿಡಿಸಿತು?

ಛತ್ರದ ಊಟದ ಹಾಲ್ ನೆನಪಿಸಿಕೊಳ್ಳಿ. ನೆಂಟರು ಜಾಸ್ತಿ, ಜಾಗ ಕಡಿಮೆ. ಪಂಕ್ತಿ ಮೇಲೆ ಪಂಕ್ತಿ ಹಾಕುತ್ತೇವೆ ಅಲ್ವಾ? ಕಾಂಟ್ರಾವನ್ನೂ 16 ಕಿಲೋಬೈಟಿನ 8 ತುಂಡು ಮಾಡಿದ್ದಾರೆ. ಹಾಲಿನ ಅರ್ಧದಲ್ಲಿ ಈ ತುಂಡುಗಳು ಪಂಕ್ತಿಯಂತೆ ಬಂದು ಹೋಗುತ್ತವೆ. ಇನ್ನರ್ಧದಲ್ಲಿ ಎಂಟನೆಯ ತುಂಡು ಏಳುವುದೇ ಇಲ್ಲ. ಅದು ಅಡುಗೆ ಭಟ್ಟರ ತಂಡ. ಯಾರನ್ನು ಎಬ್ಬಿಸಬೇಕು, ಯಾರನ್ನು ಕೂರಿಸಬೇಕು ಅನ್ನುವ ಕೋಡ್ ಅಲ್ಲೇ ಇರುತ್ತದೆ. ಬದಲಾಗುವ ತುಂಡಿನಲ್ಲೇ ಆ ಕೋಡ್ ಇಟ್ಟರೆ ಕೂತ ಕೊಂಬೆಯನ್ನೇ ಕಡಿದುಕೊಂಡ ಹಾಗೆ.

ಇಷ್ಟು ದೊಡ್ಡ ವ್ಯವಸ್ಥೆಗೆ ಬೇಕಾದದ್ದು ಎರಡೇ ಎರಡು ಅಗ್ಗದ ಚಿಪ್ಪು. ಇದನ್ನು ಎಷ್ಟು ಸಲ ವಿವರಿಸಿದರೂ ನನಗೆ ಬೇಜಾರಿಲ್ಲ. 74161 ಎಂಬುದು ತುಂಡಿನ ಸಂಖ್ಯೆ ನೆನಪಿಡುತ್ತದೆ. ಪ್ರೋಗ್ರಾಮು ಆ ಸಂಖ್ಯೆಯನ್ನು ಬರೆಯುವುದು ಬರೆಯಲು ಬರುವ ರಾಮ್‌ಗಲ್ಲ, ಗೇಮ್ ಇರುವ, ಓದಲಷ್ಟೇ ಬರುವ ರೋಮ್ ಚಿಪ್ಪಿನ ವಿಳಾಸಕ್ಕೆ! ರೋಮ್ ಬರೆಸಿಕೊಳ್ಳುವುದಿಲ್ಲ. ಆದರೆ ಗೋಡೆಗೆ ಹೇಳಿದ ಮಾತನ್ನು ಪಕ್ಕದವನು ಕೇಳಿಸಿಕೊಂಡಂತೆ 74161 ಅದನ್ನು ಹಿಡಿದಿಡುತ್ತದೆ. ಎರಡನೆಯದು 7432, ನಾಲ್ಕು ಆರ್ (OR) ಗೇಟುಗಳ ಚಿಪ್ಪು. ಒಳಬರುವ ಎರಡರಲ್ಲಿ ಒಂದಾದರೂ 1 ಇದ್ದರೆ ಈ ಗೇಟಿನಿಂದ ಹೊರಬರುವುದು 1. ಸಂಖ್ಯೆಯ ಮೂರು ಬಿಟ್‌ಗಳನ್ನು ಒಂದೊಂದು ಗೇಟಿಗೆ ಕೊಟ್ಟು, ಗೇಟಿನ ಇನ್ನೊಂದು ಕಡೆಗೆ ಪ್ರೊಸೆಸರಿನ ಎ14 ವಿಳಾಸದ ತಂತಿ ಕೊಡುತ್ತಾರೆ. ಹಾಲಿನ ಮೊದಲರ್ಧ ಓದುವಾಗ ಎ14 ಸೊನ್ನೆ, ಸಂಖ್ಯೆ ಇದ್ದ ಹಾಗೇ ದಾಟುತ್ತದೆ. ಎರಡನೇ ಅರ್ಧದಲ್ಲಿ ಎ14 ಒಂದು. ನೆನಪಿಟ್ಟದ್ದು ಏನೇ ಇರಲಿ, ಹೊರಬರುವುದು ಬೈನರಿಯಲ್ಲಿ 111. ಅಂದರೆ ಏಳು. ಸೊನ್ನೆಯಿಂದ ಎಣಿಸಿದರೆ ಅದೇ ಕೊನೆಯ ತುಂಡು. ಭಟ್ಟರು ಸದಾ ಹಾಜರ್.

ಇನ್ನು ಮಾಡುವ ಕೆಲಸ. ಇದೇ ಸರ್ಕೀಟಿರುವ, ಯಾರಿಗೂ ಬೇಡವಾದ ಹಳೇ ಗೇಮಿನ ಬೋರ್ಡು ಹುಡುಕಿ. ಕಾಂಟ್ರಾದ ಚಿತ್ರಗಳೂ ಪ್ರೋಗ್ರಾಮಿನ ಚಿಪ್ಪಿನಲ್ಲೇ ಇದ್ದು, ಆಡುವಾಗ ಪಕ್ಕದ ರಾಮ್‌ಗೆ ನಕಲಾಗುತ್ತವೆ. ಹಾಗಾಗಿ ಬದಲಿಸಬೇಕಾದದ್ದು ಒಂದೇ ಚಿಪ್ಪು. ಅದರ ಜಾಗಕ್ಕೆ ಕಾಂಟ್ರಾ ತುಂಬಿಸಿದ 27ಸಿ010 ಎಂಬ ಇಪ್ರಾಮ್ (ಬರೆದು, ಅಳಿಸಿ, ಮತ್ತೆ ಬರೆಯಬಹುದಾದ ಚಿಪ್ಪು) ಬೆಸುಗೆ ಹಾಕಬೇಕು. ಹಳೆಯದಕ್ಕೆ 28 ಕಾಲು, ಇದಕ್ಕೆ 32. ಕೆಲವು ಕಾಲು ಮೇಲೆ ಬಗ್ಗಿಸಿ ತಂತಿ ಎಳೆಯಬೇಕು. ನನ್ನ ಮೊದಲ ಬೋರ್ಡಿನಲ್ಲಿ ಎರಡು ತಂತಿ ಅದಲುಬದಲಾಗಿ ಟಿವಿ ತುಂಬ ಬೂದು ಬಣ್ಣ ಬಂದಿತ್ತು. (ಸ್ವಂತಕ್ಕೆ ಮಾಡಿಕೊಳ್ಳಿ. ಅಸಲಿ ಅಂತ ಮಾರಿದರೆ ಅದು ಮೋಸ.)

ಇಪ್ರಾಮ್‌ನದ್ದೇ ಒಂದು ಕಥೆ. ಇಂಟೆಲ್‌ನ ಡೋವ್ ಫ್ರೋಮನ್ ಕೆಟ್ಟ ಚಿಪ್ಪುಗಳನ್ನು ಪರೀಕ್ಷಿಸುತ್ತಿದ್ದಾಗ, ಸಂಪರ್ಕ ಕಡಿದ ಟ್ರಾನ್ಸಿಸ್ಟರ್ ಗೇಟುಗಳನ್ನು ನೋಡಿ ಇದನ್ನು ಹೊಳೆಸಿಕೊಂಡರು. 1971ರಲ್ಲಿ ಅದು ಹೊರಬಂತು. ಅಂಥ ಗೇಟೆಂಬ ಬಾಗಿಲಿಲ್ಲದ ಕೋಣೆಗೆ ಎಲೆಕ್ಟ್ರಾನುಗಳನ್ನು ಹೆಚ್ಚಿನ ವೋಲ್ಟೇಜಿನಿಂದ ನೂಕಿದರೆ ಅವು ವರ್ಷಗಟ್ಟಲೆ ಅಲ್ಲೇ ಕೂರುತ್ತವೆ. ಹೊರಗೆ ಬರಲು ಅತಿನೇರಳೆ ಬೆಳಕಿನ ಒದೆ ಬೇಕು. ಚಿಪ್ಪಿನ ಮೇಲಿನ ಪುಟ್ಟ ಗಾಜಿನ ಕಿಟಕಿ ಅದಕ್ಕೇ ಇರುವುದು. ಬಿಸಿಲಿಗೆ ಬಿಟ್ಟರೆ ಸುಮಾರು ಒಂದು ವಾರದಲ್ಲಿ ಗೇಮ್ ಅಳಿಸಿಹೋಗುತ್ತದೆ. ಟ್ಯೂಬ್‌ಲೈಟಿನ ಕೆಳಗಾದರೆ ಸುಮಾರು ಮೂರು ವರ್ಷ. ಕಿಟಕಿಗೆ ಒಂದು ಸ್ಟಿಕ್ಕರ್ ಅಂಟಿಸಿಯೇ ಡಬ್ಬಿ ಮುಚ್ಚಿ.