ಅಂದು ತೋಪೆದ್ದ ಸಿನಿಮಾಕ್ಕೆ 35 ವರ್ಷದ ಮೇಲೆ ಪಾರ್ಟ್ 2

1982ರ ಜೂನ್‌ನಲ್ಲಿ ‘ಬ್ಲೇಡ್ ರನ್ನರ್’ ಎಂಬ ವೈಜ್ಞಾನಿಕ ಕಲ್ಪನೆಯ ಸಿನಿಮಾ ಬಿಡುಗಡೆಯಾದಾಗ ಅಮೆರಿಕದ ಪ್ರೇಕ್ಷಕರು ಅದರ ಕೈ ಹಿಡಿಯಲಿಲ್ಲ. ಎರಡೇ ವಾರ ಮೊದಲು ‘ಇ.ಟಿ.’ ಬಂದಿತ್ತು. ಒಂದು ಕಡೆ ಮುದ್ದು ಅನ್ಯಗ್ರಹ ಜೀವಿ, ಇನ್ನೊಂದು ಕಡೆ ಸದಾ ಮಳೆ ಸುರಿಯುವ ಕತ್ತಲೆಯ ಊರು. ಜನ ಯಾವುದಕ್ಕೆ ಹೋಗ್ತಾರೆ ಹೇಳಿ? ನಿರ್ಮಾಪಕರು ಮೊದಲೇ ಹೆದರಿದ್ದರು. ನಾಯಕನ ದನಿಯಲ್ಲಿ ವಿವರಣೆ ತುರುಕಿ, ಕೊನೆಗೊಂದು ಸುಖಾಂತ್ಯ ಅಂಟಿಸಿದ್ದರು. ಅದರಲ್ಲಿ ಕಾಣುವ ಬೆಟ್ಟಗುಡ್ಡಗಳೂ ಅವರದ್ದಲ್ಲ. ‘ದಿ ಶೈನಿಂಗ್’ ಸಿನಿಮಾಕ್ಕಾಗಿ ಅದರ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ತೆಗೆಸಿ ಮಿಗಿಸಿದ್ದ ತುಣುಕುಗಳವು!

ಇಂಥ ಸಿನಿಮಾಕ್ಕೆ ಎರಡನೇ ಭಾಗ ಬಂದದ್ದು 2017ರಲ್ಲಿ. ನಡುವೆ ಅದನ್ನು ಉಳಿಸಿದ್ದು ಥಿಯೇಟರ್ ಅಲ್ಲ, ವಿಡಿಯೊ ಕ್ಯಾಸೆಟ್. ಜನ ಮನೆಯಲ್ಲಿ ಕೂತು ಮತ್ತೆ ಮತ್ತೆ ನೋಡಿದರು, ನಿಲ್ಲಿಸಿ ನಿಲ್ಲಿಸಿ ನೋಡಿದರು. 1992ರಲ್ಲಿ ಆ ವಿವರಣೆಯನ್ನೂ ಸುಖಾಂತ್ಯವನ್ನೂ ಕಿತ್ತುಹಾಕಿದ ಆವೃತ್ತಿ ಬಂತು. 2007ರಲ್ಲಿ ನಿರ್ದೇಶಕ ರಿಡ್ಲಿ ಸ್ಕಾಟ್ ತಮಗೆ ಬೇಕಾದಂತೆ ತಿದ್ದಿದ ಇನ್ನೊಂದು ಬಂತು.

ಕ್ಯಾಸೆಟ್ ಇಲ್ಲದ ಕಾಲದಲ್ಲಿ ಸಿನಿಮಾ ಅಂದ್ರೆ ಬಂದು ಹೋಗುವ ವಸ್ತು. ಇದೇ ಕುಬ್ರಿಕ್ 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಮುಗಿದ ಮೇಲೆ ಅದರ ಗಗನನೌಕೆಯ ಮಾದರಿಗಳನ್ನು ನಾಶ ಮಾಡಿಸಿದರು, ಬೇರೆ ಯಾರೂ ಬಳಸಬಾರದು ಅಂತ. 1984ರಲ್ಲಿ ಅದರ ಮುಂದುವರಿದ ಭಾಗ ಮಾಡಿದ ಪೀಟರ್ ಹೈಮ್ಸ್ ತಂಡ ಹಳೆಯ ಸಿನಿಮಾದ ಫ್ರೇಮ್‌ಗಳನ್ನೇ ನೋಡಿ ನೋಡಿ ನೌಕೆಯನ್ನು ಹೊಸದಾಗಿ ಕಟ್ಟಬೇಕಾಯಿತು.

ಸ್ಟುಡಿಯೋಗಳ ಕಣ್ಣು ಹಳೆಯ ಹೆಸರುಗಳ ಮೇಲೆ ಜಾಸ್ತಿ ಬಿದ್ದದ್ದು 2010ರ ನಂತರ. ಡಿಸ್ನಿ 2012ರಲ್ಲಿ ಸುಮಾರು 400 ಕೋಟಿ ಡಾಲರ್ ಕೊಟ್ಟು ‘ಸ್ಟಾರ್ ವಾರ್ಸ್’ನ ಲ್ಯೂಕಾಸ್‌ಫಿಲ್ಮ್ ಕೊಂಡಿತು. ಆ ಸರಣಿಯ 2015ರ ಒಂದೇ ಸಿನಿಮಾ ಗಳಿಕೆಯನ್ನು 200 ಕೋಟಿ ಡಾಲರ್ ದಾಟಿಸಿತು. ಕಥೆ ಹೆಚ್ಚುಕಮ್ಮಿ ಹಳೆಯದೇ, ಆದರೆ ಹಳಬರ ಜೊತೆ ಹೊಸ ಹುಡುಗರಿದ್ದರು. ಮರುವರ್ಷ ‘ಇಂಡಿಪೆಂಡೆನ್ಸ್ ಡೇ’ ಕೂಡ 20 ವರ್ಷದ ಮೇಲೆ ಎದ್ದು ಬಂತು. ಮೊದಲನೆಯದು 80 ಕೋಟಿ ಡಾಲರ್ ಮೀರಿತ್ತು, ಇದು 40 ಕೋಟಿಯನ್ನೂ ಮುಟ್ಟಲಿಲ್ಲ. ಮೊದಲನೆಯದರ ನಾಯಕ ವಿಲ್ ಸ್ಮಿತ್ ಇರಲಿಲ್ಲ ಅನ್ನುವುದು ಒಂದು ಕಾರಣ. ನನ್ನ ಪ್ರಕಾರ, ಆ ಕಥೆ ಮುಂದೇನಾಯಿತು ಅಂತ ಯಾರೂ ಕೇಳಿಯೇ ಇರಲಿಲ್ಲ.

‘ಬ್ಲೇಡ್ ರನ್ನರ್ 2049’ರ ಕಷ್ಟ ಬೇರೆ. ಕೇಳಿದವರಿದ್ದರು, ಆದರೆ ಕಡಿಮೆ. ಅಭಿಮಾನಿಗಳ ಸದ್ದು ದೊಡ್ಡದು, ತಲೆ ಎಣಿಸಿದರೆ ಚಿಕ್ಕ ಗುಂಪು. ದೆನಿ ವಿಲ್‌ನೊವ್ ನಿರ್ದೇಶನದ 163 ನಿಮಿಷದ ಈ ಸಿನಿಮಾಕ್ಕೆ 15 ಕೋಟಿ ಡಾಲರ್ ಅಥವಾ ಅದಕ್ಕೂ ಹೆಚ್ಚು ಸುರಿದರು. ಜಗತ್ತಿನಾದ್ಯಂತ ಗಳಿಕೆ 30 ಕೋಟಿ ಮುಟ್ಟಲಿಲ್ಲ. ಥಿಯೇಟರಿನವರ ಪಾಲು, ಪ್ರಚಾರದ ಖರ್ಚು ಕಳೆದರೆ ನಷ್ಟವೇ. ಛಾಯಾಗ್ರಾಹಕ ರೋಜರ್ ಡೀಕಿನ್ಸ್‌ಗೆ ಮಾತ್ರ 14ನೇ ನಾಮನಿರ್ದೇಶನದಲ್ಲಿ ಕೊನೆಗೂ ಆಸ್ಕರ್ ಸಿಕ್ಕಿತು.

ಅದರಲ್ಲೊಂದು ದೃಶ್ಯವಿದೆ. (ನೋಡದವರು ಕ್ಷಮಿಸಿ.) ಮುದುಕನಾದ ನಾಯಕನ ಮುಂದೆ ಅವನು ಪ್ರೀತಿಸಿದ್ದ ರೇಚಲ್‌ಳ ನಕಲನ್ನು ತಂದು ನಿಲ್ಲಿಸುತ್ತಾರೆ. ಅದೇ ವಯಸ್ಸು, ಅದೇ ಮುಖ. ಬೇರೊಬ್ಬ ನಟಿಯ ಮೈಮೇಲೆ ಮೊದಲ ಭಾಗದಲ್ಲಿ ರೇಚಲ್ ಆಗಿದ್ದ ಶಾನ್ ಯಂಗ್‌ರ 1982ರ ಮುಖವನ್ನು ಕಂಪ್ಯೂಟರಿನಲ್ಲಿ ಕೂರಿಸಿದ್ದು. ತಡವಾಗಿ ಬರುವ ಎಲ್ಲ ಸೀಕ್ವೆಲ್‌ಗಳೂ ನಮಗೆ ಮಾಡುವುದು ಇದನ್ನೇ ಅಲ್ವಾ? ನಾಯಕ ಹ್ಯಾರಿಸನ್ ಫೋರ್ಡ್ ಅವಳನ್ನು ಸುಮ್ನೆ ನೋಡುತ್ತಾನೆ. ನಿಜವಾದ ರೇಚಲ್‌ಳ ಕಣ್ಣು ಹಸಿರಿದ್ದವು ಅಂತ ಹೇಳಿ ಮುಖ ತಿರುಗಿಸುತ್ತಾನೆ. ತಂದವರು ಆ ನಕಲನ್ನು ಅಲ್ಲೇ ಗುಂಡಿಕ್ಕಿ ಬೀಳಿಸುತ್ತಾರೆ.